12 ವರ್ಷಕ್ಕೊಮ್ಮೆ, 12 ವರ್ಷಕ್ಕೊಮ್ಮೆ... ಎಲ್ಲಾ ಕಡೆ ಇದೇ ನಂಬರ್ ಯಾಕೆ?

ಕರಾವಳಿ_ಸುತ್ತಾಟ
ಎಲ್ರಿಗೂ ನಮಸ್ಕಾರ. ತಲೇಲಿ ಒಂದು ಹುಳ ಹೊಕ್ಕಿದೆ, ಯಾರಾದ್ರೂ ತೆಗೀರಪ್ಪ. 2024ರ ಫೆಬ್ರವರೀಲಿ ವೇಣೂರು ಬಾಹುಬಲಿ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ವಿ, 12 ವರ್ಷಕ್ಕೊಮ್ಮೆ ಅಂದ್ರು. ಅದರ ಮರುವರ್ಷ, 2025ರಲ್ಲಿ, ಪ್ರಯಾಗರಾಜ್ ಕುಂಭಮೇಳ, ಅದೂ 12. ಅದಕ್ಕೂ ಮೊದ್ಲು 2022ರಲ್ಲಿ ಮುಳ್ಳಯ್ಯನಗಿರಿ ಕಡೆ ನೀಲಕುರಿಂಜಿ ಬಿಟ್ಟಿದೆ ಅಂತ ಜನ ಮುಗಿಬಿದ್ದಿದ್ರಲ್ಲ, ಅದೂ 12. ಆಫೀಸಲ್ಲಿ ಒಬ್ಬ ತಮಿಳು ಕಲೀಗ್ ಇದಾನೆ, ಅವ್ನು ಕುಂಭಕೋಣಂ ಮಹಾಮಹಂ (ಅಲ್ಲಿನ ಕೊಳದಲ್ಲಿ ಮೀಯೋ ಹಬ್ಬ) ಬಗ್ಗೆ ಹೇಳ್ತಾ ಅದನ್ನೂ 12 ಅಂದ! ಕಲ್ಲಿನ ಮೂರ್ತಿಗೂ ಗಂಗೆಗೂ ಕಾಡುಹೂವಿಗೂ ಎತ್ತಣಿಂದೆತ್ತ ಸಂಬಂಧ? 10 ಯಾಕಲ್ಲ, 15 ಯಾಕಲ್ಲ? "ಪವಿತ್ರ ಸಂಖ್ಯೆ" ಅನ್ನೋ ಉತ್ತರ ಬೇಡ, ಅದು ವಾಟ್ಸಾಪಲ್ಲಿ ಬೇಕಾದಷ್ಟಿದೆ.

ಪಂಚಾಂಗದ_ಮನೆಯವ
ಕುಂಭಮೇಳ, ಮಹಾಮಹಂ ಎರಡಕ್ಕೂ ಉತ್ತರ ಒಂದೇ, ಗುರು ಗ್ರಹ. ಗುರು ಸೂರ್ಯನ್ನ ಒಂದು ಸುತ್ತು ಬರೋಕೆ ಸುಮಾರು 12 ವರ್ಷ ತಗೊಳತ್ತೆ, ರಾಶಿ ಇರೋದೂ 12, ಅಂದ್ರೆ ಒಂದೊಂದು ರಾಶೀಲಿ ಹೆಚ್ಚುಕಮ್ಮಿ ಒಂದು ವರ್ಷ. ಗುರು ವೃಷಭದಲ್ಲಿದ್ದು ಸೂರ್ಯ ಮಕರಕ್ಕೆ ಬಂದ್ರೆ ಪ್ರಯಾಗ, ಗುರು ಕುಂಭ ಸೂರ್ಯ ಮೇಷ ಆದ್ರೆ ಹರಿದ್ವಾರ. ಗುರು ಸಿಂಹಕ್ಕೆ ಬಂದ್ರೆ ನಾಸಿಕ್ಕೂ ಉಜ್ಜಯಿನಿಯೂ, ಕುಂಭಕೋಣದ ಮಹಾಮಹವೂ ಅದೇ ಸಿಂಹ ಗುರುವಿಗೇ, ಮಾಘದ ಹುಣ್ಣಿಮೆಗೆ ಮಖಾ ನಕ್ಷತ್ರ ಕೂಡಿದಾಗ. ಅದಕ್ಕೇ ಆ ಮೂರೂ ಒಂದರ ಹಿಂದೆ ಒಂದು ಬರೋದು, ಕಳೆದ ಸಲ 2015-16ರಲ್ಲಿ ಬಂದ ಹಾಗೆ. ನದಿ ಪುಷ್ಕರಾನೂ (ಆಯಾ ನದೀಲಿ ಮೀಯೋ ಪರ್ವ) ಇದೇ ಲೆಕ್ಕ, ಗುರು ತುಲಾಗೆ ಬಂದಾಗ ಕಾವೇರಿ (2017), ಮಕರಕ್ಕೆ ಬಂದಾಗ ತುಂಗಭದ್ರಾ (2020).

ಆದ್ರೆ ಒಂದು ಮಜಾ ಇದೆ. ಗುರುವಿನ ಸುತ್ತು ಸರಿಯಾಗಿ 12 ಅಲ್ಲ, 11.86 ವರ್ಷ. ಏಳು ಸುತ್ತಿಗೆ 84 ಆಗ್ಬೇಕಾದ್ದು 83ಕ್ಕೇ ಮುಗಿದುಹೋಗತ್ತೆ. ಹರಿದ್ವಾರದಲ್ಲಿ 2010 ಆದ್ಮೇಲೆ ಎಲ್ರೂ 2022 ಅಂತ ಕಾಯ್ತಿದ್ರೆ 2021ಕ್ಕೇ, ಕೊರೋನಾ ಮಧ್ಯದಲ್ಲೇ ಕುಂಭ ಬಂತಲ್ಲ, ಕಾರಣ ಇದು. ಅದಕ್ಕೂ ಹಿಂದೆ ಹೀಗೆ 11 ವರ್ಷಕ್ಕೆ ಬಂದಿದ್ದು 1938ರಲ್ಲಿ, 1927ರ ನಂತರ. 1938ಕ್ಕೆ 83 ಕೂಡಿಸಿ ನೋಡಿ.

ಹಾಸನದವ
ಮೇಲಿನವರು ಹೇಳಿದ್ದು ಸರಿ, ಆದ್ರೆ ನಮ್ಮ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಆ ಗಡಿಯಾರ ಹಿಡ್ಕೊಂಡು ಬರ್ಬೇಡಿ ಸ್ವಾಮಿ. 12 ವರ್ಷಕ್ಕೊಮ್ಮೆ ಅಂತ ಟಿವಿಯವರು ಹೇಳ್ತಾನೇ ಇರ್ತಾರೆ, ವರ್ಷ ಬರ್ಕೊಂಡು ಕಳೀರಿ: 1910, 1925, 1940, 1953, 1967, 1981, 1993, 2006, 2018. ಇದ್ರಲ್ಲಿ ಸರಿಯಾಗಿ 12 ಬರೋದು ಎರಡೇ ಸಲ, ಮಿಕ್ಕಿದ್ದು 13, 14, 15. 1981ರದ್ದು ಮೂರ್ತಿಗೆ ಸಾವಿರ ವರ್ಷ ತುಂಬಿದ್ದಕ್ಕೆ, ಆಗ ಇಂದಿರಾ ಗಾಂಧಿ ಹೆಲಿಕಾಪ್ಟರಲ್ಲಿ ಬಂದು ಹೂ ಸುರಿಸಿದ್ರು. ಮುಹೂರ್ತಕ್ಕೆ ಗ್ರಹಗತಿ ನೋಡ್ತಾರೆ ನಿಜ, ಆದ್ರೆ ಬೆಟ್ಟದ ಮೇಲೆ 58 ಅಡಿ ಮೂರ್ತಿ ಹಿಂದೆ ಅಟ್ಟಣಿಗೆ ಕಟ್ಬೇಕು, ಸರ್ಕಾರ ದುಡ್ಡು ಬಿಡ್ಬೇಕು, ಕೆಳಗೆ ಟೆಂಟಿನ ಊರೇ ಎಬ್ಬಿಸ್ಬೇಕು, ರಸ್ತೆ ಆಗ್ಬೇಕು, ಇವೆಲ್ಲಾ ಕೂಡಿಬರೋದೂ ಒಂದು ಮುಹೂರ್ತಾನೇ ಅಂತ ನನ್ನ ಲೆಕ್ಕ.

2018ರಲ್ಲಿ ಬೆಳಿಗ್ಗೆನೇ ಹತ್ತಿ ಕೂತಿದ್ದೆ. ನೀರು, ಎಳನೀರು, ಹಾಲು ಎಲ್ಲಾ ಇಳಿಯೋವರೆಗೂ ಮೂರ್ತಿ ಮೂರ್ತಿ ಥರಾನೇ ಇರತ್ತೆ. ಅಕ್ಕಿಹಿಟ್ಟು ಸುರಿದ್ರಲ್ಲ, ಹೊಗೆ ಎದ್ದಂಗೆ ಎದ್ದು ಮುಖಾನೇ ಕಾಣ್ಲಿಲ್ಲ ಸ್ವಲ್ಪ ಹೊತ್ತು. ಆಮೇಲೆ ಅರಿಶಿನ ಬಿತ್ತು ನೋಡಿ, ಆ ಗುಂಗುರು ಕೂದಲಿನ ಸಂದಿ ಸಂದಿಯಿಂದ ಹಳದಿ ಗೆರೆ ಗೆರೆಯಾಗಿ ಕೆನ್ನೆ ಮೇಲೆ ಇಳಿದು ಗಲ್ಲದ ತುದೀಲಿ ತೊಟ್ಟಿಕ್ತಿತ್ತು. ಕೆಳಗೆ ನಿಂತೋರೆಲ್ಲಾ ಅರಿಶಿನದಲ್ಲಿ ಮಿಂದವರೇ.

ಕರಾವಳಿ_ಸುತ್ತಾಟ
@ಹಾಸನದವ ಅಯ್ಯೋ ಇದು ಗೊತ್ತೇ ಇರ್ಲಿಲ್ಲ! ಆದ್ರೆ ನಮ್ಮ ವೇಣೂರು ಪಕ್ಕಾ ಸರ್, 2000, 2012, 2024. ಕಾರ್ಕಳ ಮಾತ್ರ 2002 ಆದ್ಮೇಲೆ 2015, ಅಲ್ಲೂ ಒಂದು ವರ್ಷ ಜಾರಿದೆ. ಸರಿ, ಹೂವಿನ ಕಥೆ ಏನು? ಅದಕ್ಕೂ ಗುರುಬಲ ಬೇಕಾ?

ಗುಡ್ಡ_ಹತ್ತೋನು
ಹೂವಿಗೆ ಗುರುವೂ ಇಲ್ಲ ಶನಿಯೂ ಇಲ್ಲ. ಗುರು ಕಾರಣ ಆಗಿದ್ರೆ ಎಲ್ಲಾ ಗುಡ್ಡದಲ್ಲೂ ಒಂದೇ ವರ್ಷ ಬಿಡ್ಬೇಕಿತ್ತಲ್ವಾ? ಮುನ್ನಾರ್ ಇರವಿಕುಲಂ ಕಡೆ 2006, 2018, ಕೊಡಗಿನ ಮಾಂದಲಪಟ್ಟಿ ಹತ್ರ 2021, ನೀವು ಹೇಳಿದ ಮುಳ್ಳಯ್ಯನಗಿರಿ ಇರೋ ಚಂದ್ರದ್ರೋಣದ ಕಡೆ 2022. ಒಂದೊಂದು ಗುಡ್ಡದ್ದು ಒಂದೊಂದು ಲೆಕ್ಕ. ಒಟ್ಟಿಗೆ ಮೊಳೆತ ಗಿಡ ಒಟ್ಟಿಗೆ ಬೆಳೆದು, ಆಯುಸ್ಸಿಗೆ ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ ಒಟ್ಟಿಗೆ ಸಾಯತ್ತೆ. ಆಮೇಲೆ ಹೋದ್ರೆ ಇಡೀ ಗುಡ್ಡ ಒಣಕಡ್ಡಿ, ನೋಡೋಕೆ ಏನೂ ಇಲ್ಲ, ಆದ್ರೆ ಬುಡದಲ್ಲಿ ಕಣ್ಣು ಹಾಯಿಸಿದ್ರೆ ಸಣ್ಣ ಸಣ್ಣ ಸಸಿ ಎದ್ದಿರತ್ತೆ. ಒಂದೇ ಸಲ ಅಷ್ಟೊಂದು ಬೀಜ ಬಿದ್ರೆ ಇಲಿ, ಹಕ್ಕಿ, ಹುಳ ಎಷ್ಟು ತಿಂದ್ರೂ ಮಿಕ್ಕತ್ತೆ, ಇದು ಗಿಡದ ಉಪಾಯ ಅಂತ ಸಸ್ಯಶಾಸ್ತ್ರದವರು ಕೊಡೋ ಒಂದು ವಿವರಣೆ. ಮಹಾರಾಷ್ಟ್ರದ ಸಹ್ಯಾದ್ರೀಲಿ ಇದರದ್ದೇ ಬಳಗದ ಕಾರ್ವಿ ಅಂತ ಇದೆ, ಅದು 8 ವರ್ಷಕ್ಕೊಮ್ಮೆ. ಸೋ ಕುರಿಂಜಿ 12 ಆಗಿರೋದು ಬರೀ ಕಾಕತಾಳೀಯ, ಅದನ್ನ ಕುಂಭಮೇಳದ ಪಕ್ಕ ಕೂರಿಸ್ಬೇಡಿ.

ಬೆಳಗಾವಿ_ಫೌಜಿ
ನಂದೊಂದು ಸೇರಿಸ್ಕೋರ್ರಿ. 2016ರಾಗ ಲೇಹ್ ಕಡೆ ಡ್ಯೂಟಿ ಮ್ಯಾಲ ಇದ್ದೆ, ಹೆಮಿಸ್ ಗೊಂಪಾದ ಹಬ್ಬ ನೋಡಾಕ ಹೋಗಿದ್ವಿ. ಅಲ್ಲಿ ಹಬ್ಬ ವರ್ಷಾ ಇರತೈತಿ, ಲಾಮಾಗಳು ಮುಖವಾಡ ಹಾಕ್ಕೊಂಡು ಅಂಗಳದಾಗ ಕುಣಿತಾರ, ಆದ್ರ ಗುರು ಪದ್ಮಸಂಭವನ ದೊಡ್ಡ ರೇಷ್ಮಿ ಥಂಕಾ (ಬಟ್ಟಿ ಮ್ಯಾಲಿನ ಚಿತ್ರ) ಐತಿ ನೋಡ್ರಿ, ಅದನ್ನ ಗ್ವಾಡಿ ಮ್ಯಾಲ ಬಿಚ್ಚೂದು 12 ವರ್ಷಕ್ಕೊಮ್ಮೆ, ಮಂಗ್ಯಾನ ವರ್ಷ ಬಂದಾಗ. ಅವ ಹುಟ್ಟಿದ್ದು ಮಂಗ್ಯಾನ ವರ್ಷದಾಗ ಅಂತಾರ. ಹಿಂದಿನ ಸಲ 2004, ಮುಂದ 2028.

ಪಂಚಾಂಗದ_ಮನೆಯವ
@ಬೆಳಗಾವಿ_ಫೌಜಿ ಬಹಳ ಚೆನ್ನಾಗಿದೆ ಸರ್. ಇದೂ ಸುತ್ತಿ ಬಳಸಿ ಗುರುವಿನ ಮನೆಗೇ ಬರತ್ತೆ. ಟಿಬೆಟಿನವರ ಪ್ರಾಣಿ ವರ್ಷ ಚೀನಾದ್ದು, ಚೀನಾದವರು 12 ವರ್ಷ ಎಣಿಸ್ತಿದ್ದಿದ್ದು ಗುರು ಗ್ರಹ ನೋಡ್ಕೊಂಡೇ. ಆದ್ರೆ ಆಮೇಲೆ ಅವರು ಆಕಾಶ ನೋಡೋದು ಬಿಟ್ಟು ಬರೀ ಎಣಿಕೆ ಇಟ್ಕೊಂಡ್ರು, ಹಾಗಾಗಿ ಹೆಮಿಸ್ ಹರಿದ್ವಾರದ ಥರ ಒಂದು ವರ್ಷ ಮುಂಚೆ ಬರೋ ಪ್ರಶ್ನೆ ಇಲ್ಲ. ಕೇರಳದ ಭಾರತಪ್ಪುಳ ನದಿ ದಡದ ತಿರುನಾವಾಯದಲ್ಲಿ ಮಾಮಾಂಕಂ ಅಂತ ಉತ್ಸವ ನಡೀತಿತ್ತು, ಅದೂ 12 ವರ್ಷಕ್ಕೊಮ್ಮೆ. ವಳ್ಳುವನಾಡಿನ ಚಾವೇರು ಯೋಧರು ಕಲ್ಲಿಕೋಟೆ ರಾಜ ಸಾಮೂದಿರಿ ಮೇಲೆ ಸಾಯೋಕಂತಾನೇ ಕತ್ತಿ ಹಿಡ್ಕೊಂಡು ನುಗ್ತಿದ್ದ ಜಾಗ. 18ನೇ ಶತಮಾನದಲ್ಲಿ ನಿಂತುಹೋಯ್ತು.

ಇನ್ನು ಪುರಿ ಜಗನ್ನಾಥನ ನವಕಳೇಬರವನ್ನೂ (ಹಳೇ ಮರದ ಮೂರ್ತಿ ಬದಲಿಸಿ ಹೊಸದು ಮಾಡೋದು) ಕೆಲವರು 12ಕ್ಕೆ ಸೇರಿಸ್ತಾರೆ, ತಪ್ಪು. ಅದು ಅಧಿಕ ಆಷಾಢ ಬಂದ ವರ್ಷ. 1977, 1996, 2015, ಎರಡು ಸಲವೂ 19 ವರ್ಷದ ಅಂತರ. ಅಲ್ಲಿ ಚಂದ್ರನ ಲೆಕ್ಕ.

ಕರಾವಳಿ_ಸುತ್ತಾಟ
ಎಲ್ರಿಗೂ ಥ್ಯಾಂಕ್ಸ್, ಹುಳ ಹೊರಗೆ ಬಂತು. ಹಾಗಾದ್ರೆ 12ರ ಲೆಕ್ಕ ಹಿಡಿದ್ರೆ 2027 ಕಾರ್ಕಳ, ನಾಸಿಕ್, 2028ರಲ್ಲಿ ಕುಂಭಕೋಣಂ, ಉಜ್ಜಯಿನಿ, ಹೆಮಿಸ್. ಅಮ್ಮನ್ನ ಕರ್ಕೊಂಡು ಹೋಗೋಕೆ ಯಾವ್ದು ಒಳ್ಳೇದು? ಮಂಡಿನೋವಿದೆ ಅವ್ರಿಗೆ.

ಹಾಸನದವ
ಹೆಮಿಸ್ ಬಿಟ್ಬಿಡಿ, ಅಮ್ಮನಿಗೆ ಆ ಎತ್ತರ ಆಗಲ್ಲ. ಕುಂಭಕೋಣಂ ಹೋಗೋದಾದ್ರೆ ಮಖಾ ನಕ್ಷತ್ರದ ದಿನ ಮಾತ್ರ ಬೇಡ, 1992ರಲ್ಲಿ ಆ ಕೊಳದ ಹತ್ರ ನೂಕುನುಗ್ಗಲಾಗಿ ಎಷ್ಟೋ ಜನ ಹೋದ್ರು. ಹಬ್ಬ ಹತ್ತು ದಿನ ಇರತ್ತೆ, ಮೊದಲ ಎರಡು ಮೂರು ದಿನದಲ್ಲಿ ಮಿಂದು ಬಂದ್ಬಿಡಿ. ಕಾರ್ಕಳಕ್ಕೆ ನಿಮ್ಮೂರಿಂದ ಬಸ್ಸಿದೆ, ನನ್ನ ಕೇಳಿದ್ರೆ ಅದೇ. ಡೇಟ್ ಅನೌನ್ಸ್ ಆದ ಕೂಡ್ಲೇ ಇಲ್ಲಿ ಹಾಕಿ, ನಾವೂ ಬರ್ತೀವಿ.