ಗ್ರಹಣ ತೋರಿಸೋಕೆ ಯಾವ ದೀಪ ಬಳಸಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ಖಗೋಳ ಕ್ಲಬ್ಬಿನಲ್ಲಿ ಬರುವ ಶನಿವಾರ ಗ್ರಹಣದ ಬಗ್ಗೆ ನಾನು ಮಾತಾಡಬೇಕು. ಇದೇ ಮೊದಲ ಸಲ. ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕೆ ಆಗಲ್ಲ ಅಂತ ಮಕ್ಕಳು ಕೇಳೇ ಕೇಳ್ತಾರೆ. ಭೂಮಿ ಸೂರ್ಯನನ್ನು ಸುತ್ತುವ ದಾರಿಗೆ ಹೋಲಿಸಿದರೆ ಚಂದ್ರನ ದಾರಿ ಸುಮಾರು 5 ಡಿಗ್ರಿ ವಾಲಿದೆ ಅಂತ ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು, ಕಣ್ಣಿಗೆ ಕಾಣಬೇಕು ಅಲ್ವಾ?

ಅದಕ್ಕೆ 12.7 ಸೆಂ.ಮೀ. ಚೆಂಡನ್ನು ಭೂಮಿ, 3.5 ಸೆಂ.ಮೀ. ಚೆಂಡನ್ನು ಚಂದ್ರ ಮಾಡಿಕೊಂಡೆ. ಅಳತೆ ಪ್ರಕಾರ ನಡುವೆ 3.8 ಮೀಟರ್ ಬಿಡಬೇಕು. ಅಷ್ಟು ದೂರದಲ್ಲಿ 5 ಡಿಗ್ರಿ ಅಂದರೆ ಚಂದ್ರ ಒಂದು ಗೇಣಿಗಿಂತ ಜಾಸ್ತಿ, ಸುಮಾರು 34 ಸೆಂ.ಮೀ. ಮೇಲೆ ಹೋಗುತ್ತದೆ. ನೆರಳು ಭೂಮಿಗೆ ತಾಗುವುದೇ ಇಲ್ಲ. ಇದನ್ನು ನೋಡಿ ನನಗೇ ರೋಮಾಂಚನ ಆಯ್ತು.

ತೊಂದರೆ ಇರುವುದು ಬೆಳಕಿನಲ್ಲಿ. ಸಣ್ಣ ಬಲ್ಬ್ ಹತ್ತಿರ ಇಟ್ಟರೆ ನೆರಳು ಹರಡಿ ಇಡೀ ಭೂಮಿಯನ್ನೇ ನುಂಗುತ್ತದೆ. ದೂರ ಇಟ್ಟರೆ ಬೆಳಕೇ ಸಾಲುವುದಿಲ್ಲ. ಪ್ರೊಜೆಕ್ಟರ್ ಬಳಸಿ ಯಾರಾದರೂ ಮಾಡಿದ್ದೀರಾ? ಎಷ್ಟು ದೂರ ಇಟ್ಟಿರಿ?

ಇನ್ನೊಂದು. ಕೊನೆಯ ಹತ್ತು ನಿಮಿಷ ಬಾಹ್ಯಾಕಾಶ ಪ್ರಯಾಣಕ್ಕೆ ಇಟ್ಟಿದ್ದೇನೆ. 1969ರ ನವೆಂಬರ್‌ನಲ್ಲಿ ಚಂದ್ರನಿಂದ ಮರಳುತ್ತಿದ್ದ ಅಪೊಲೊ 12 ನೌಕೆಯ ಮೂವರು ಗಗನಯಾತ್ರಿಗಳು, ಭೂಮಿಯೇ ಸೂರ್ಯನನ್ನು ಮರೆಮಾಡಿದ್ದನ್ನು ಕಂಡರು. ಇಂಥ ಬೇರೆ ಪ್ರಸಂಗ ಗೊತ್ತಿದ್ದರೆ ದಯವಿಟ್ಟು ತಿಳಿಸಿ.