ಎಂಆರ್‌ಐ ವರದಿಯಲ್ಲಿ ಡಿಸ್ಕ್ ಹೊರಚಾಚಿದೆ ಎಂದಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯವೇ?

ಹಾವೇರಿ ಮೇಷ್ಟ್ರು (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 39 ವರ್ಷ, ಹುಬ್ಬಳ್ಳಿ–ಮಂಗಳೂರು ನಡುವೆ ಲಾರಿ ಓಡಿಸುತ್ತಾನೆ. ಹೋದ ತಿಂಗಳು ಲೋಡಿನ ಮೇಲೆ ಟಾರ್ಪಾಲಿನ ಹಗ್ಗ ಬಿಗಿಯುವಾಗ ಸೊಂಟ ಹಿಡಿದುಕೊಂಡಿತು. ಕೆಲವು ದಿನಗಳಲ್ಲಿ ಸೊಂಟದ ನೋವು ತಗ್ಗಿತಾದರೂ, ಎಡ ಪೃಷ್ಠದಿಂದ ತೊಡೆಯ ಹಿಂಭಾಗ ಮತ್ತು ಮೀನಖಂಡದ ಮೂಲಕ ಪಾದದ ಹೊರ ಅಂಚಿನವರೆಗೆ ಸೆಳೆತ ಆರಂಭವಾಯಿತು. ಕೆಮ್ಮಿದರೆ, ಸೀನಿದರೆ ಅದು ಹೆಚ್ಚುತ್ತದೆ. ಎಂಆರ್‌ಐ ವರದಿಯಲ್ಲಿ ಎಲ್4–ಎಲ್5ರಲ್ಲಿ ಡಿಸ್ಕ್ ಉಬ್ಬಿದೆ, ಎಲ್5–ಎಸ್1ರಲ್ಲಿ ಹೊರಚಾಚಿ ಎಡಗಡೆಯ ಎಸ್1 ನರವನ್ನು ಒತ್ತುತ್ತಿದೆ ಎಂದಿದೆ. ಒಬ್ಬ ವೈದ್ಯರು ತಡಮಾಡದೆ ಆಪರೇಷನ್ ಮಾಡಿಸಿ ಎಂದರು. ಅವ್ವ ಉಳುಕು ತೆಗೆಯುವವರ ಬಳಿ ಕರೆದೊಯ್ಯಿ ಎನ್ನುತ್ತಿದ್ದಾಳೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನವೇ ತಪ್ಪೀತೆಂಬುದು ಮನೆಯವರ ಭಯ. ತಿಳಿದವರು ದಯವಿಟ್ಟು ವಿವರಿಸಬೇಕು.

ಮೂಳೆವೈದ್ಯ, ಶಿವಮೊಗ್ಗ:
ಮೇಷ್ಟ್ರೇ, ಮೊದಲು ಆ ಭಯದ ಮಾತು. ಬೆನ್ನುಹುರಿ ಬೆನ್ನುಮೂಳೆಯ ತುದಿಯವರೆಗೂ ಇಳಿಯುವುದಿಲ್ಲ. ಸೊಂಟದ ಐದು ಕಶೇರುಗಳಲ್ಲಿ (ಬೆನ್ನುಮೂಳೆಯ ಬಿಡಿ ಮೂಳೆಗಳಲ್ಲಿ) ಮೊದಲನೆಯದು ಅಥವಾ ಎರಡನೆಯದರ ಮಟ್ಟದಲ್ಲೇ ಅದು ಮುಗಿಯುತ್ತದೆ, ಅಲ್ಲಿಂದ ಕೆಳಗೆ ಸಾಗುವುದು ನರಗಳ ಗೊಂಚಲು ಮಾತ್ರ. ನಿಮ್ಮ ತಮ್ಮನವರ ತೊಂದರೆ ಇರುವುದು ಐದನೆಯ ಕಶೇರು ಮತ್ತು ಅದರ ಕೆಳಗಿನ ತ್ರಿಕಾಸ್ಥಿಯ ನಡುವೆ, ಅಂದರೆ ವರದಿಯ ಎಲ್5–ಎಸ್1 ಜಾಗದಲ್ಲಿ. ಅಲ್ಲಿ ಡಿಸ್ಕ್ ಒಂದು ಬದಿಗೆ ಚಾಚಿದಾಗ ಸಾಮಾನ್ಯವಾಗಿ ಒಂದು ನರಮೂಲಕ್ಕೆ ಒತ್ತಡ ಬೀಳುತ್ತದೆಯೇ ಹೊರತು ಹುರಿಗೆ ಅಲ್ಲ.

ಡಿಸ್ಕ್ ಎಂಬುದು ಎರಡು ಕಶೇರುಗಳ ನಡುವಿನ ಮೆತ್ತೆ. ಹೊರಗೆ ನಾರಿನ ಬಿಗಿಯಾದ ಸುತ್ತುಗಳು, ಒಳಗೆ ನೀರಿನಂಶ ಹೆಚ್ಚಿರುವ ಮೆದು ತಿರುಳು. ದಿನವಿಡೀ ಭಾರ ಹೊತ್ತು ನೀರು ಬಿಟ್ಟುಕೊಡುವುದರಿಂದಲೇ ನಾವೆಲ್ಲರೂ ಬೆಳಿಗ್ಗೆಗಿಂತ ಸಂಜೆ ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗಿರುತ್ತೇವೆ. ವಯಸ್ಸಾದಂತೆ ಹೊರಸುತ್ತು ಬಿರುಕು ಬಿಟ್ಟು, ತಿರುಳು ಹೊರಕ್ಕೆ ನುಸುಳಿದರೆ ನರ ಒತ್ತುವುದಷ್ಟೇ ಅಲ್ಲ, ಉರಿಯೂತವೂ ಉಂಟಾಗುತ್ತದೆ. ನೋವಿನ ದೊಡ್ಡ ಪಾಲು ಈ ಉರಿಯೂತದ್ದು.

ವರದಿಯನ್ನು ಓದುವಾಗ ಒಂದು ಎಚ್ಚರ ಬೇಕು. ಬೆನ್ನುನೋವೇ ಇಲ್ಲದ 98 ಮಂದಿಯ ಸೊಂಟದ ಎಂಆರ್‌ಐ ತೆಗೆದು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಆದ್ದರಿಂದ ಎಲ್4–ಎಲ್5ರ ಉಬ್ಬನ್ನು ನಾನಾದರೆ ಬದಿಗಿಡುತ್ತೇನೆ. ಎಲ್5–ಎಸ್1ರದ್ದನ್ನು ಹಾಗೆ ಬದಿಗಿಡಲಾಗದು, ಏಕೆಂದರೆ ಪಾದದ ಹೊರ ಅಂಚಿಗೆ ಇಳಿಯುವ ಸೆಳೆತ ಎಸ್1 ನರದ್ದೇ, ವರದಿಗೂ ಲಕ್ಷಣಕ್ಕೂ ತಾಳೆಯಾಗುತ್ತಿದೆ.

ಹಾಗೆಂದು ಆಪರೇಷನ್ ಕೂಡಲೇ ಬೇಕೆಂದಲ್ಲ. ಹೊರಬಂದ ತಿರುಳನ್ನು ದೇಹವೇ ಕ್ರಮೇಣ ಕರಗಿಸಿಕೊಳ್ಳುತ್ತದೆ. ದೊಡ್ಡ ತುಣುಕುಗಳೇ ಹೆಚ್ಚು ಕರಗುವುದೊಂದು ವಿಚಿತ್ರ. ಬಹುಪಾಲು ರೋಗಿಗಳು ಆರರಿಂದ ಹನ್ನೆರಡು ವಾರಗಳಲ್ಲಿ ಗಣನೀಯವಾಗಿ ಚೇತರಿಸಿಕೊಳ್ಳುತ್ತಾರೆ. 2007ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ, ತೀವ್ರ ಸಯಾಟಿಕಾ (ಸೊಂಟದ ನರದಿಂದ ಕಾಲಿಗಿಳಿಯುವ ಇಂಥ ಸೆಳೆತ) ಇದ್ದವರ ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿ, ಇನ್ನೊಂದನ್ನು ಕಾದು ನೋಡಿದರು. ಆಪರೇಷನ್ ಆದವರ ನೋವು ಬೇಗ ಇಳಿಯಿತು, ಆದರೆ ವರ್ಷದ ಕೊನೆಗೆ ಎರಡೂ ಗುಂಪುಗಳ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾದವರಲ್ಲಿ ಶೇ. 39ರಷ್ಟು ಮಂದಿ ಅಷ್ಟರೊಳಗೆ ಆಪರೇಷನ್ ಮಾಡಿಸಿಕೊಂಡಿದ್ದರೆಂಬುದನ್ನೂ ಹೇಳಬೇಕು.

ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಗುದದ್ವಾರದ ಸುತ್ತ ಮರಗಟ್ಟುವುದು, ಎರಡೂ ಕಾಲುಗಳ ಬಲ ಕುಗ್ಗುವುದು: ಇವುಗಳಲ್ಲಿ ಒಂದು ಕಂಡರೂ ಗಂಟೆಗಳ ಲೆಕ್ಕದಲ್ಲಿ ದೊಡ್ಡ ಆಸ್ಪತ್ರೆ ಸೇರಬೇಕು. ಎಡಗಾಲಿನ ತುದಿಬೆರಳುಗಳ ಮೇಲೆ ಎದ್ದು ನಿಲ್ಲಲು ಅವರಿಗೆ ಸಾಧ್ಯವಾಗುತ್ತದೆಯೇ ಎಂದು ನೋಡಿ ತಿಳಿಸಿ.

ಕೋಲಾರದವಳು:
ವೈದ್ಯರ ಮಾತಿಗೆ ಒಂದು ಸೇರ್ಪಡೆ. ಬೆನ್ನುನೋವೆಲ್ಲ ಡಿಸ್ಕಿನದಲ್ಲ. ನಮ್ಮ ಅತ್ತೆಯವರಿಗೆ ಬೆನ್ನಿನ ನಡುಭಾಗದಲ್ಲಿ ನೋವಿತ್ತು. ರಾತ್ರಿ ಮಲಗಿದರೂ ಬಿಡುತ್ತಿರಲಿಲ್ಲ, ಸಂಜೆ ಮೈ ಬೆಚ್ಚಗಾಗುತ್ತಿತ್ತು, ರವಿಕೆಗಳೆಲ್ಲ ಸಡಿಲವಾಗುತ್ತಿದ್ದವು. ಹತ್ತಿರದ ಕ್ಲಿನಿಕ್ಕಿನಲ್ಲಿ ತಿಂಗಳುಗಟ್ಟಲೆ ನೋವಿನ ಮಾತ್ರೆಯನ್ನೇ ಕೊಟ್ಟರು. ಕೊನೆಗೆ ಸ್ಕ್ಯಾನಿನಲ್ಲಿ ಅಕ್ಕಪಕ್ಕದ ಎರಡು ಕಶೇರುಗಳೂ ನಡುವಿನ ಡಿಸ್ಕೂ ಸವೆದಿರುವುದು ಕಂಡಿತು, ಸೂಜಿ ಪರೀಕ್ಷೆಯಲ್ಲಿ ಕ್ಷಯವೆಂದು ಖಚಿತವಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆಗಳು ಉಚಿತವಾಗಿ ದೊರೆತವು, ಒಂದು ವರ್ಷ ನುಂಗಬೇಕಾಯಿತು. ಜ್ವರ, ತೂಕ ಇಳಿಕೆ, ವಿಶ್ರಾಂತಿಗೂ ಬಗ್ಗದ ನೋವು ಇದ್ದವರು ಡಿಸ್ಕ್ ಎಂದು ಸುಮ್ಮನಿರಬಾರದು.

ಹಾವೇರಿ ಮೇಷ್ಟ್ರು:
ಇಬ್ಬರಿಗೂ ಧನ್ಯವಾದಗಳು. ಜ್ವರವಿಲ್ಲ, ಮೂತ್ರದ ತೊಂದರೆಯಿಲ್ಲ. ಗೋಡೆ ಹಿಡಿದು ಬಲಗಾಲಿನ ತುದಿಯ ಮೇಲೆ ಸಲೀಸಾಗಿ ಏಳುತ್ತಾನೆ. ಎಡಗಾಲಿನಲ್ಲಿ ನಾಲ್ಕೈದು ಸಲ ಎದ್ದ ಮೇಲೆ ಹಿಮ್ಮಡಿ ಮೇಲೇರುವುದಿಲ್ಲ. ಹಾಸಿಗೆ ಬಿಟ್ಟು ಏಳಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದೇವೆ. ಗಾಡಿ ಯಾವಾಗ ಹತ್ತಬಹುದೆಂಬುದು ಅವನ ಚಿಂತೆ, ಸಾಲದ ಕಂತು ಕಾಯುವುದಿಲ್ಲವಲ್ಲ.

ಮೂಳೆವೈದ್ಯ, ಶಿವಮೊಗ್ಗ:
ಅದು ಎಸ್1 ನರದ ಸೌಮ್ಯ ದೌರ್ಬಲ್ಯ. ಈ ವಾರವೇ ಬೆನ್ನುಮೂಳೆಯ ತಜ್ಞರೊಬ್ಬರು ಕಾಲಿನ ಬಲವನ್ನೂ ಹಿಮ್ಮಡಿಯ ಪ್ರತಿವರ್ತನೆಯನ್ನೂ ಪರೀಕ್ಷಿಸಿ ಬರೆದಿಡಲಿ. ಬಲ ಸ್ಥಿರವಾಗಿದ್ದರೆ ಅಥವಾ ಸುಧಾರಿಸುತ್ತಿದ್ದರೆ ಕಾಯಬಹುದು. ಕುಗ್ಗುತ್ತಿದ್ದರೆ ಆಪರೇಷನ್ ಹೇಳಿದ ವೈದ್ಯರ ಸಲಹೆಗೆ ಬಲವಾದ ಕಾರಣವಿದೆ.

ಫಿಸಿಯೋ, ಮೈಸೂರು:
ಆ ಕಟ್ಟಪ್ಪಣೆಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಹಾಸಿಗೆಯಲ್ಲೇ ಉಳಿದವರು ಬೇಗ ಗುಣವಾಗುವುದಿಲ್ಲ, ಸ್ನಾಯುಗಳು ಮಾತ್ರ ಸೊರಗುತ್ತವೆ. ನೋವು ಸಹಿಸುವಷ್ಟರ ಮಟ್ಟಿಗೆ ದಿನದಲ್ಲಿ ಹಲವು ಬಾರಿ ಸ್ವಲ್ಪ ಸ್ವಲ್ಪ ನಡೆಯಲಿ, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರದಿರಲಿ. ಎಣ್ಣೆ ಹಚ್ಚಿ ಹಗುರವಾಗಿ ನೀವಿದರೆ ತೊಂದರೆಯಿಲ್ಲವೆಂದು ಅವ್ವನವರಿಗೆ ಹೇಳಿ. ಆದರೆ ನರ ಒತ್ತಿ ಬಲ ತಗ್ಗಿರುವಾಗ ಸೊಂಟವನ್ನು ಜೋರಾಗಿ ತಿರುಚಿ ಲಟಕ್ಕೆನಿಸಲು ಯಾರಿಗೂ ಬಿಡಬೇಡಿ.

ಲಾರಿಯ ವಿಷಯದಲ್ಲಿ ನಾನು ಕೊಂಚ ಕಟ್ಟುನಿಟ್ಟು. ಕ್ಲಚ್ ಒತ್ತುವುದು ಎಡಗಾಲು, ಅದರ ಬಲವೇ ಈಗ ಅನುಮಾನದಲ್ಲಿದೆ. ಬಲ ಮರಳಿ, ಕುಳಿತಾಗಿನ ಸೆಳೆತ ತಗ್ಗಿ, ವೈದ್ಯರು ಒಪ್ಪುವವರೆಗೆ ಘಾಟಿ ಇಳಿಯುವುದು ಬೇಡ. ಮತ್ತೆ ಹತ್ತಿದ ಮೇಲೂ ಗಾಡಿ ನಿಲ್ಲಿಸಿದ ಕೂಡಲೇ ಮೂಟೆಗೆ ಕೈ ಹಾಕದೆ ಮೊದಲು ಐದಾರು ನಿಮಿಷ ಓಡಾಡಲಿ, ಏಕೆಂದರೆ ಗಂಟೆಗಟ್ಟಲೆ ಕೂತು ಕುಲುಕಾಡಿದ ಬೆನ್ನು ಆ ಹೊತ್ತಿನಲ್ಲಿ ಭಾರಕ್ಕೆ ಸಿದ್ಧವಿರುವುದಿಲ್ಲ. ಇನ್ನೊಂದು ವಿಷಯ: ಮುಂದಿನ ದಿನಗಳಲ್ಲಿ ಸೆಳೆತ ಪಾದ ಬಿಟ್ಟು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಹಿಂದೆ ಸರಿದು ಸೊಂಟದಲ್ಲಿ ನೋವು ತುಸು ಹೆಚ್ಚಿದಂತೆ ತೋರಬಹುದು. ಕಾಲಿನ ಬಲ ಕುಗ್ಗದಿದ್ದರೆ ಅದು ಒಳ್ಳೆಯ ಲಕ್ಷಣ, ಗಾಬರಿಯಾಗಿ ನಡಿಗೆ ನಿಲ್ಲಿಸುವುದು ಬೇಡ.