ಬ್ರೇಕ್ ‘ಫೇಡ್’: ಒಂದು ಪದ ಸಾಕೋ, ಎರಡು ಬೇಕೋ?

ಹಗುರವಾದ ಸ್ಪೋರ್ಟ್ಸ್ ಕಾರಿಗೆ ಇನ್ನಷ್ಟು ಸಮರ್ಥವಾದ ಬ್ರೇಕನ್ನು ಆರಿಸಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಉದಾಹರಣೆಗೆ ಇಟ್ಟುಕೊಂಡಿರುವುದು 1989ರಲ್ಲಿ ಹೊರಬಂದ, ಸುಮಾರು 950 ಕಿಲೋ ತೂಗುವ ಮೊದಲ ಪೀಳಿಗೆಯ ಮಾಜ್ದಾ ಎಂಎಕ್ಸ್-5 ಕಾರನ್ನು. ಬರವಣಿಗೆ ‘ಫೇಡ್’ ಎಂಬ ಮಾತಿನ ಬಳಿ ಬಂದು ನಿಂತಿದೆ. ಬ್ರೇಕನ್ನು ಮತ್ತೆ ಮತ್ತೆ ಒತ್ತಿ ಅದು ವಿಪರೀತ ಕಾದಾಗ ಹಿಡಿತ ಇಳಿದುಹೋಗುವುದಕ್ಕೆ ಇಂಗ್ಲಿಷಿನಲ್ಲಿ ಹೀಗೆನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನೆಂದು ಬರೆಯಬೇಕು?

ಬಣ್ಣ ಮಾಸುತ್ತದೆ, ಹೂವು ಬಾಡುತ್ತದೆ, ದೀಪ ಮಂಕಾಗುತ್ತದೆ. ನಿಘಂಟು ಕೊಡುವ ಈ ಮಾತುಗಳಲ್ಲಿ ಯಾವುದೂ ಬ್ರೇಕಿಗೆ ಒಗ್ಗುವುದಿಲ್ಲ. ಪತ್ರಿಕೆಗಳ ‘ಬ್ರೇಕ್ ವಿಫಲ’ವಂತೂ ಪೈಪು ಒಡೆದದ್ದನ್ನೂ ಪ್ಯಾಡು ಸವೆದದ್ದನ್ನೂ ಒಂದೇ ಗೋಣಿಗೆ ತುಂಬಿಬಿಡುತ್ತದೆ.

ಶಿರಸಿಯಲ್ಲಿ ನನ್ನ ಹಳೆಯ ಕಾರನ್ನು ನೋಡಿಕೊಳ್ಳುವ ಮೆಕ್ಯಾನಿಕ್‌ಗೆ ಈ ತೊಡಕನ್ನು ಹೇಳಿದಾಗ ಅವರು ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: “ಬ್ರೇಕ್ ಹಿಡಿಯೋದಿಲ್ಲವೋ, ಪೆಡಲ್ ಒಳಗೆ ಹೋಗ್ತದೋ?” ದೇವಿಮನೆ ಘಟ್ಟ ಇಳಿದು ಕುಮಟೆ ಮುಟ್ಟುವಷ್ಟರಲ್ಲಿ ಬ್ರೇಕ್ ಕೆಟ್ಟಿತೆಂದು ಬರುವವರನ್ನೆಲ್ಲ ಅವರು ಮೊದಲು ಕೇಳುವುದೂ ಇದನ್ನೇ ಅಂತೆ. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಚ್ಚಿಟ್ಟ ಎರಡು ಸಂಗತಿಗಳನ್ನು ಗ್ಯಾರೇಜಿನ ಈ ಪ್ರಶ್ನೆ ಬೇರ್ಪಡಿಸಿಬಿಟ್ಟಿತು.

ಚಕ್ರದೊಂದಿಗೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ತನ್ನ ಮಿತಿಯನ್ನು ಮೀರಿ ಕಾದಾಗ ಅದಕ್ಕೂ ಡಿಸ್ಕಿಗೂ ನಡುವಿನ ಘರ್ಷಣೆ ತಗ್ಗುತ್ತದೆ. ಆಗ ಪೆಡಲ್ ಕಾಲಿಗೆ ಕಲ್ಲಿನಂತೆ ಗಟ್ಟಿಯಾಗಿಯೇ ಸಿಗುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುವ ಬ್ರೇಕ್ ಆಯಿಲ್ ಕುದಿದಾಗ ಆಗುವುದು ಬೇರೆ: ಆವಿಯ ಗುಳ್ಳೆಗಳು ಒತ್ತಿದರೆ ಕುಗ್ಗುವುದರಿಂದ ಕಾಲಿನ ಒತ್ತಡ ಚಕ್ರಕ್ಕೆ ತಲುಪದೆ ಪೆಡಲ್ ಮೆತ್ತಗಾಗಿ ತಳಕ್ಕಿಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ಆಯಿಲ್ 3.7 ಶೇಕಡಾ ನೀರನ್ನು ಹೀರಿಕೊಂಡ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ನಾನು ನೋಡುತ್ತಿದ್ದಂತೆಯೇ ಆ ಮೆಕ್ಯಾನಿಕ್ ನನ್ನ ಕಾರಿನ ಚಕ್ರದ ಬ್ರೇಕಿನ ನಿಪ್ಪಲಿಗೆ ಸಣ್ಣ ಪಾರದರ್ಶಕ ನಳಿಕೆಯನ್ನು ಸಿಕ್ಕಿಸಿ ಆಯಿಲಿನೊಳಗಿನ ಗಾಳಿ ತೆಗೆದರು. ಬಾಟಲಿಗೆ ಇಳಿದ ಆಯಿಲ್ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು. ನಮ್ಮ ಮಳೆಗಾಲದ ತೇವದಲ್ಲಿ ಅದನ್ನು ವರ್ಷಗಟ್ಟಲೆ ಬದಲಿಸದೆ ಬಿಟ್ಟದ್ದು ನನ್ನದೇ ತಪ್ಪು.

ಇಷ್ಟು ವಿವರವನ್ನು ಪದಚರ್ಚೆಗೆ ಎಳೆದು ತಂದದ್ದಕ್ಕೆ ಕಾರಣವಿದೆ. ಹೆಸರು ತಪ್ಪಿದರೆ ಕೊಳ್ಳುವ ಸಾಮಾನೂ ತಪ್ಪುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಹೆಚ್ಚು ಶಾಖ ತಾಳುವ ಪ್ಯಾಡು ಬೇಕು. ಪೆಡಲ್ ಇಳಿಯುತ್ತಿದ್ದರೆ ಹೊಸ ಆಯಿಲ್ ಬೇಕು. ಎರಡಕ್ಕೂ ಒಂದೇ ಪದವಿಟ್ಟರೆ ಓದುಗ ನೇರವಾಗಿ ದೊಡ್ಡ ಡಿಸ್ಕು, ಪ್ಯಾಡನ್ನು ಅದಕ್ಕೆ ಒತ್ತುವ ದೊಡ್ಡ ಕ್ಯಾಲಿಪರ್‌ಗಳ ಕಡೆಗೆ ಹೋಗುತ್ತಾನೆ. ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಲ್ಲುವಾಗ 950 ಕಿಲೋದ ಕಾರು ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 370 ಕಿಲೋಜೂಲ್, 1600 ಕಿಲೋದ ಕಾರಿಗಾದರೆ ಸುಮಾರು 620. ಅಂದರೆ ಹಗುರ ಕಾರಿನ ಬ್ರೇಕು ತಾಳಬೇಕಾದ ಶಾಖವೇ ಕಡಿಮೆ. ಹಗುರ ಕಾರಿಗೆ ಭಾರದ ಡಿಸ್ಕನ್ನು ತೊಡಿಸಿದರೆ ಚಕ್ರದ ತೂಕ ಹೆಚ್ಚುತ್ತದೆ. ಮುಂದಿನ ಬ್ರೇಕುಗಳನ್ನಷ್ಟೇ ಬಲಪಡಿಸಿದರೆ ಹಿಂದಿನವುಗಳೊಂದಿಗಿನ ಹೊಂದಾಣಿಕೆ ಕೆಡುತ್ತದೆ. ಆದ್ದರಿಂದಲೇ ‘ಮೇಲ್ದರ್ಜೆಗೇರಿಸು’ ಎಂಬ ಮಾತನ್ನು ನಾನು ಲೇಖನದಿಂದ ತೆಗೆದುಹಾಕಿದ್ದೇನೆ. ಅದು ರಾಜ್ಯ ಹೆದ್ದಾರಿಗೂ ತಾಲೂಕು ಆಸ್ಪತ್ರೆಗೂ ಇರಲಿ.

ಪ್ಯಾಡಿನ ಸಂಗತಿಗೆ ‘ಸೋಲು’ ಎಂಬ ಕ್ರಿಯಾಪದ ತಕ್ಕುದೆಂದು ನನ್ನ ಅಭಿಪ್ರಾಯ. ಕೈ ಸೋತಿತು, ಕಾಲು ಸೋತಿತು ಎನ್ನುವಾಗ ಅಂಗ ಕೆಟ್ಟುಹೋಯಿತೆಂಬ ಅರ್ಥವಿಲ್ಲ. ತುಸು ಹೊತ್ತು ಕುಳಿತರೆ ಅದು ಮರಳಿ ಬಲಗೊಳ್ಳುತ್ತದೆ. ಪ್ಯಾಡೂ ಸಾಮಾನ್ಯವಾಗಿ ತಣಿದ ಮೇಲೆ ಹಾಗೆಯೇ ಚೇತರಿಸಿಕೊಳ್ಳುತ್ತದೆ. ಇನ್ನೊಂದಕ್ಕೆ ‘ಪೆಡಲ್ ಇಳಿತ’ ಎಂದಿಟ್ಟಿದ್ದೇನೆ, ಪೂರ್ಣ ಸಮಾಧಾನವಿಲ್ಲ. ‘ಎಣ್ಣೆ ಕುದಿತ’ ಎಂದು ಬರೆಯಲು ಭಯ, ಬ್ರೇಕ್ ಆಯಿಲ್ ಹೆಸರಿಗಷ್ಟೇ ಆಯಿಲ್: ನಿಜವಾದ ಎಣ್ಣೆಯನ್ನೇ ಯಾರಾದರೂ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಇಂಗ್ಲಿಷಿನ ‘ಬೈಟ್’ ಕೂಡ ಇದೇ ದಾರಿಯಲ್ಲಿ ಎಡವಿಸುತ್ತದೆ. ಒತ್ತಿದ ಕೂಡಲೇ ಬ್ರೇಕ್ ಚುರುಕಾಗಿ ಹಿಡಿಯುವ ಗುಣಕ್ಕೆ ಅದು ಹೊಗಳಿಕೆ. ನಮ್ಮಲ್ಲಿ ಬ್ರೇಕ್ ‘ಕಚ್ಚಿಕೊಂಡಿದೆ’ ಎಂದರೆ ಕಾಲು ತೆಗೆದರೂ ಬಿಡದೆ ಚಕ್ರ ಬಿಸಿಯಾಗುತ್ತಿದೆ ಎಂಬ ದೂರು. ಅಲ್ಲಿ ‘ಮೊದಲ ಹಿಡಿತ’ ಎಂದೇ ಉಳಿಸಿಕೊಂಡಿದ್ದೇನೆ.

ಕಾರವಾರ, ಅಂಕೋಲೆಯ ಕಡೆಯವರಲ್ಲಿ ಒಂದು ವಿನಂತಿ. ಅರಬೈಲ್ ಘಟ್ಟದಲ್ಲಿ ಭಾರದ ಲಾರಿಗಳನ್ನು ಇಳಿಸುವ ಚಾಲಕರದು ಗಾಳಿಯ ಬ್ರೇಕ್. ಅಲ್ಲಿ ಕುದಿಯಲು ಆಯಿಲ್ ಇಲ್ಲ, ಚಕ್ರದೊಂದಿಗೆ ತಿರುಗುವ ಡ್ರಮ್ಮು ಕಾದು ಹಿಗ್ಗುವುದು ಮತ್ತು ಅದನ್ನು ಒಳಗಿನಿಂದ ಒತ್ತುವ ಲೈನರ್ ಹಿಡಿತ ಕಳೆದುಕೊಳ್ಳುವುದು ಮಾತ್ರ ಉಂಟು. ಹಾಗಾಗಿ ಆ ಸ್ಥಿತಿಗೆ ಅವರು ಬಳಸುವ ಮಾತು ನನ್ನ ‘ಸೋಲು’ವಿನ ಜಾಗಕ್ಕೆ ನೇರವಾಗಿ ಕೂರಬಹುದು. ಅದು ಯಾವುದೆಂದು ಬಲ್ಲವರು, ಕೇಳಿದ ಹಾಗೆಯೇ, ತಿದ್ದದೆ ತಿಳಿಸಬೇಕು.